ಸಲ್ಯೂಷನ್ ಒಣಗುವ ತನಕ

ಅಪ್ಪನ ಮಂಚದ ಕೆಳಗೆ ಒಂದು ಬಾಟಲಿ ಇತ್ತು. ಅದರಲ್ಲಿ ಒಂದಿಷ್ಟು ನೀರು. ಅಪ್ಪನ ಬಲ ಪಕ್ಕೆಯಿಂದ ಹೊರಟ ಕೈಬೆರಳು ದಪ್ಪದ ಪೈಪು ಆ ನೀರಿನಲ್ಲಿ ಎರಡು ಸೆಂಟಿಮೀಟರ್‌ನಷ್ಟು ಮುಳುಗಿತ್ತು. ಅಪ್ಪ ಕೆಮ್ಮಿದಾಗ, ಮಾತಾಡಿದಾಗ, ಸುಮ್ನೆ ಉಸಿರು ಬಿಟ್ಟಾಗಲೂ ನೀರಲ್ಲಿ ಗುಳ್ಳೆ ಏಳುತ್ತಿತ್ತು. ಆಪರೇಷನ್ ಆದ ರಾತ್ರಿ ನಾನು ಆ ಗುಳ್ಳೆ ಎಣಿಸುತ್ತಾ ಕೂತಿದ್ದೆ. ಅಪ್ಪ ಮತ್ತಿನಿಂದ ಅರ್ಧ ಎಚ್ಚೆತ್ತ. ಕೆಳಗಿನಿಂದ ಬರುತ್ತಿದ್ದ ಗುಳುಗುಳು ಸದ್ದು ಕೇಳಿಸಿಕೊಂಡ. ಹೇಳಿದ್ದು ಒಂದೇ ಮಾತು.

"ಎಲ್ಲೋ ಪಂಚರ್ ಉಳ್ಕೊಂಡಿದೆ ಕಣಮ್ಮ."

ನಲವತ್ತು ವರ್ಷ ಅರಸೀಕೆರೆಯಲ್ಲಿ ಸೈಕಲ್ ಶಾಪ್ ನಡೆಸಿದವನು. ಗುಳ್ಳೆ ಅಂದರೆ ಏನು ಅಂತ ಅವನಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಶಾಲೆ ಮುಗಿಸಿ ಸಂಜೆ ಅಂಗಡಿಯಲ್ಲಿ ಕೂರುತ್ತಿದ್ದೆ. ಪಂಚರ್ ಹಾಕುವುದನ್ನು ಅಪ್ಪ ನನಗೂ ಕಲಿಸಿದ್ದ. ಟ್ಯೂಬಿಗೆ ಗಾಳಿ ತುಂಬು, ಬಾಂಡ್ಲಿ ನೀರಿಗೆ ಅದ್ದು, ಗುಳ್ಳೆ ಬಂದ ಕಡೆ ಬೆರಳಿಡು. ಒರೆಸು. ಉಪ್ಪುಕಾಗದದಲ್ಲಿ ಉಜ್ಜು. ಸಲ್ಯೂಷನ್ ಹಚ್ಚು. ಆಮೇಲೆ ಕಾಯಿ. ಈ ಕಾಯುವುದೇ ನನ್ನಿಂದ ಆಗುತ್ತಿರಲಿಲ್ಲ. ಹಸಿ ಸಲ್ಯೂಷನ್ ಮೇಲೆ ಪ್ಯಾಚ್ ಒತ್ತಿಬಿಡುತ್ತಿದ್ದೆ. ಅರ್ಧ ದಾರಿಯಲ್ಲಿ ಮತ್ತೆ ಗಾಳಿ ಹೋಯಿತು ಅಂತ ಗಿರಾಕಿ ಸೈಕಲ್ ತಳ್ಳಿಕೊಂಡು ವಾಪಸ್ ಬರುತ್ತಿದ್ದ. ಅಪ್ಪ ಬೈಯುತ್ತಿರಲಿಲ್ಲ. ಅದೇ ಟ್ಯೂಬನ್ನು ನನ್ನ ಕೈಗೆ ಕೊಟ್ಟು ಇನ್ನೊಂದು ಸಲ ಹಾಕಿಸುತ್ತಿದ್ದ, ದುಡ್ಡಿಲ್ಲದೆ.

ಅವನದು ಇನ್ನೊಂದು ಅಭ್ಯಾಸ ಇತ್ತು. ಪ್ಯಾಚ್ ಕೂತ ಮೇಲೆ ಟ್ಯೂಬನ್ನು ಮತ್ತೆ ಬಾಂಡ್ಲಿಗೆ ಹಾಕಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದ. "ಒಂದು ಮುಳ್ಳು ಚುಚ್ಚಿದ ಕಡೆ ಎರಡು ತೂತು ಇರ್ತದೆ" ಅನ್ನುತ್ತಿದ್ದ.

ಅಂಗಡಿ ಜೊತೆಗೆ ಬೀಡಿಯೂ ನಲವತ್ತು ವರ್ಷದ್ದೇ. ಕಳೆದ ವರ್ಷ ಕೆಮ್ಮು ನಿಲ್ಲದೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಗಂಟು ಕಾಣಿಸಿತು. ಬಲ ಶ್ವಾಸಕೋಶದಲ್ಲಿ ಮೂರು ಭಾಗ, ಎಡದ್ದರಲ್ಲಿ ಎರಡು. ಬಲಗಡೆ ಮೇಲಿನ ಭಾಗವನ್ನು ಪೂರ್ತಿ ತೆಗೆಯಬೇಕು ಅಂದರು. ಗಂಟು ಚಿಕ್ಕದು, ಬೇಗ ಸಿಕ್ಕಿದೆ, ಅದೃಷ್ಟ ಅಂದರು. ಕ್ಯಾನ್ಸರ್ ಎಂಬ ಪದದ ಪಕ್ಕ ಅದೃಷ್ಟ ಎಂಬ ಪದ ಬಂದಾಗ ಎರಡರಲ್ಲಿ ಯಾವುದನ್ನು ನಂಬಬೇಕು ಅಂತ ಆ ಹೊತ್ತಿಗೆ ತಿಳಿಯುವುದಿಲ್ಲ.

ಆ ಗಂಟಿನ ಕತೆ ಇವತ್ತು ಬೇಡ. ನಾನು ಬರೆಯಲು ಕೂತಿದ್ದು ಅಂಟಿನ ಬಗ್ಗೆ.

ಆಪರೇಷನ್ ಹಿಂದಿನ ಸಂಜೆ ಒಬ್ಬ ಹುಡುಗ ಫೈಲ್ ಹಿಡಿದುಕೊಂಡು ಬಂದ. "ಮೇಡಂ, ನಾಳೆ ಗ್ಲೂ ಬೇಕಾಗಬಹುದು. ಇನ್ಶೂರೆನ್ಸ್‌ನಲ್ಲಿ ಬರಲ್ಲ. ಸೈನ್ ಮಾಡಿ." ಏನು ಗ್ಲೂ, ಎಲ್ಲಿಗೆ ಹಾಕುತ್ತಾರೆ, ಬೇಕೇ ಬೇಕಾ ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ ಪಾಪ. ಅವನ ಕೆಲಸ ಸಹಿ ತರುವುದು. ಆ ಸಾಲಿನ ಮುಂದೆ ಬರೆದಿದ್ದ ಮೊತ್ತ ಅಪ್ಪನ ಅಂಗಡಿಯ ಎರಡು ತಿಂಗಳ ಸಂಪಾದನೆಗಿಂತ ಜಾಸ್ತಿ ಇತ್ತು. ಅಪ್ಪ ಕನ್ನಡಕ ಏರಿಸಿ ಓದಿದ. "ಸಲ್ಯೂಷನ್‌ಗೆ ಇಷ್ಟಾ?" ಅಂದ. ನಾನು ಸಹಿ ಹಾಕಿದೆ. ಇಂಥ ಹೊತ್ತಲ್ಲಿ ಬೇಡ ಅನ್ನುವ ಮಗಳು ಯಾರಿದ್ದಾರೆ?

ಒಳಗೆ ಏನು ನಡೆಯುತ್ತದೆ ಅಂತ ನನಗೆ ತಿಳಿದಿದ್ದು ಆಮೇಲೆ. ಸ್ವಲ್ಪ ಸರ್ಜನ್ ಹೇಳಿದ್ದು, ಸ್ವಲ್ಪ ಓದಿದ್ದು.

ಶ್ವಾಸಕೋಶದ ಭಾಗಗಳ ನಡುವೆ ಒಂದು ಸೀಳು ಇರುತ್ತದೆ. ಪುಸ್ತಕದ ಚಿತ್ರದಲ್ಲಿ ಅದು ಕಿತ್ತಳೆ ತೊಳೆಗಳ ಹಾಗೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ನಿಜವಾದ ಎದೆಯಲ್ಲಿ ಎಷ್ಟೋ ಸಲ ಆ ತೊಳೆಗಳು ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಬಿಡಿಸಬೇಕಾದರೆ ಕತ್ತರಿಸಬೇಕು. ಅದಕ್ಕೆ ಸ್ಟೇಪ್ಲರ್ ಇದೆ. ನಡುವೆ ಒಂದು ಬ್ಲೇಡ್ ಕತ್ತರಿಸುತ್ತಾ ಹೋದ ಹಾಗೆ ಎರಡೂ ಪಕ್ಕದಲ್ಲಿ ಸಾಲು ಸಾಲಾಗಿ ಟೈಟಾನಿಯಂ ಪಿನ್ನು ಬೀಳುತ್ತದೆ. ಚೆನ್ನಾಗಿರುವ ಶ್ವಾಸಕೋಶದಲ್ಲಿ ಅಷ್ಟು ಸಾಕು. ಬೀಡಿ ಸೇದಿದ ಶ್ವಾಸಕೋಶದಲ್ಲಿ ಪುಟ್ಟ ಪುಟ್ಟ ಗಾಳಿಗೂಡುಗಳ ಗೋಡೆಗಳು ಒಡೆದು, ಉಬ್ಬಿ, ಜಾಳುಜಾಳಾಗಿರುತ್ತವೆ. ಪಿನ್ನು ಹೊಕ್ಕ ತೂತಿನಿಂದಲೇ ಗಾಳಿ ಸೋರುತ್ತದೆ. ಸೂಜಿಯಲ್ಲಿ ಹೊಲಿಯಲು ಹೋದರೆ ಆ ಸೂಜಿಯದ್ದೇ ಹೊಸ ತೂತು. "ನಿಮ್ಮ ತಂದೆಯವರ ಲಂಗ್ಸಿಗೆ ಹೊಲಿಗೆ ಹಾಕೋದು ಅಂದ್ರೆ ಹಾಲಿನ ಕೆನೆಗೆ ಹೊಲಿಗೆ ಹಾಕಿದ ಹಾಗೆ" ಅಂದರು ಸರ್ಜನ್.

ಭಾಗ ತೆಗೆದ ಮೇಲೆ ಎದೆ ಮುಚ್ಚುವ ಮುಂಚೆ ಒಂದು ಪರೀಕ್ಷೆ ಮಾಡುತ್ತಾರೆ. ಎದೆಗೂಡಿನೊಳಗೆ ಬೆಚ್ಚಗಿನ ಸಲೈನ್ ಸುರಿಯುತ್ತಾರೆ. ಅನಸ್ತೇಶಿಯಾ ಕೊಡುವ ಡಾಕ್ಟರು ನಿಧಾನವಾಗಿ ಗಾಳಿ ಒತ್ತಿ ಶ್ವಾಸಕೋಶ ಉಬ್ಬಿಸುತ್ತಾರೆ, ಸುಮಾರು 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡಕ್ಕೆ. ಎಲ್ಲರೂ ಬಗ್ಗಿ ಗುಳ್ಳೆ ಹುಡುಕುತ್ತಾರೆ. ಇದನ್ನು ಕೇಳಿ ಅಪ್ಪನಿಗೆ ಆದ ಖುಷಿ ಹೇಳತೀರದು. ಪಕ್ಕದ ಮಂಚದವರಿಗೆಲ್ಲ ಹೇಳಿದ. "ನಮ್ಮದೇ ಬಾಂಡ್ಲಿ ಕಣ್ರೀ. ಏನೂ ವ್ಯತ್ಯಾಸ ಇಲ್ಲ."

ಗುಳ್ಳೆ ಕಂಡ ಕಡೆ ಮತ್ತೆ ಹೊಲಿಗೆ ಅಥವಾ ಪಿನ್ನು. ಆಮೇಲೂ ಸಣ್ಣಗೆ ಸೋರುತ್ತಿದ್ದರೆ ಅಂಟು. ಅಪ್ಪನಿಗೆ ಹಾಕಿದ್ದು ಫೈಬ್ರಿನ್ ಅಂಟು.

ಈ ಫೈಬ್ರಿನ್ ಅಂದರೆ ಏನೋ ದೊಡ್ಡ ರಾಸಾಯನಿಕ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದು ಮಂಡಿ ತರಚಿದಾಗ ರಕ್ತ ನಿಂತು, ಮಾರನೇ ದಿನ ಹಕ್ಕಳೆ ಕಟ್ಟುತ್ತಿತ್ತಲ್ಲ, ಅಲ್ಲಿ ಬಲೆ ನೇಯ್ದು ರಕ್ತವನ್ನು ಹಿಡಿದು ನಿಲ್ಲಿಸುವ ನೂಲೇ ಫೈಬ್ರಿನ್. ನಮ್ಮ ರಕ್ತದಲ್ಲಿ ಫೈಬ್ರಿನೋಜನ್ ಅನ್ನುವ ಪ್ರೋಟೀನ್ ಕರಗಿಕೊಂಡು ಓಡಾಡುತ್ತಿರುತ್ತದೆ. ಗಾಯವಾದ ಕಡೆ ಥ್ರಾಂಬಿನ್ ಹುಟ್ಟಿ ಅದನ್ನು ನೂಲಾಗಿಸುತ್ತದೆ. ಅಂಟಿನ ಪೆಟ್ಟಿಗೆಯಲ್ಲಿ ಇವೆರಡನ್ನೂ ಬೇರೆ ಬೇರೆ ಇಟ್ಟಿರುತ್ತಾರೆ. ಜೋಡಿ ಸಿರಿಂಜು, ಒಂದೇ ಮೂತಿ. ಒತ್ತಿದಾಗ ಎರಡೂ ಮೂತಿಯಲ್ಲಿ ಕೂಡಿ ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗುತ್ತವೆ. ಅಂಗಡಿಯಲ್ಲಿ ಸಿಗುವ, ಎರಡು ಟ್ಯೂಬ್ ಕಲಸಿ ಹಚ್ಚುವ ಅಂಟನ್ನು ನೆನಪಿಸಿಕೊಳ್ಳಿ, ಅದೇ ಉಪಾಯ.

ಇದೇನು ಹೊಸದೂ ಅಲ್ಲ. 1909ರಲ್ಲೇ ಬರ್ಗೆಲ್ ಎಂಬವರು ರಕ್ತ ನಿಲ್ಲಿಸಲು ಫೈಬ್ರಿನ್ ಪುಡಿ ಬಳಸಿದ್ದರು. 1940ರಲ್ಲಿ ಯಂಗ್ ಮತ್ತು ಮೆಡಾವರ್ ಪ್ರಾಣಿಗಳಲ್ಲಿ ಕತ್ತರಿಸಿದ ನರಗಳನ್ನು ಇಂಥದ್ದರಿಂದ ಜೋಡಿಸಲು ನೋಡಿದರು. ಆ ಮೆಡಾವರ್ ಮುಂದೆ 1960ರಲ್ಲಿ ನೊಬೆಲ್ ಪಡೆದವರು, ಬೇರೆ ಕೆಲಸಕ್ಕೆ. ಆಗ ಫೈಬ್ರಿನೋಜನ್ ತೀರಾ ತೆಳುವಾಗಿ ಸಿಗುತ್ತಿತ್ತು, ಅಂಟು ನಿಲ್ಲುತ್ತಿರಲಿಲ್ಲ. 1972ರಲ್ಲಿ ವಿಯೆನ್ನಾದ ಮಾತ್ರಾಸ್ ಮತ್ತು ಜೊತೆಗಾರರು ಗಟ್ಟಿ ಫೈಬ್ರಿನೋಜನ್ ಬಳಸಿ ನರ ಜೋಡಿಸಿದ ಮೇಲೆ ಇದಕ್ಕೆ ಜೀವ ಬಂತು. ಅಮೆರಿಕದಲ್ಲಿ ಮಾತ್ರ ತಡ. ದಾನಿಗಳ ರಕ್ತದಿಂದ ತೆಗೆದ ಫೈಬ್ರಿನೋಜನ್‌ನಲ್ಲಿ ಕಾಮಾಲೆ ವೈರಸ್ ಬರುತ್ತದೆ ಎಂಬ ಭಯಕ್ಕೆ 1978ರಲ್ಲಿ ಅಲ್ಲಿನ ಸರ್ಕಾರ ಅದರ ಪರವಾನಗಿ ರದ್ದು ಮಾಡಿತ್ತು. ಮತ್ತೆ ಒಂದು ಫೈಬ್ರಿನ್ ಅಂಟಿಗೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ.

ಇನ್ನೊಂದು ವಿಚಿತ್ರ. ದೇಹಕ್ಕೆ ಹೆಪ್ಪು ಕಟ್ಟುವುದು ಗೊತ್ತಿರುವ ಹಾಗೆಯೇ ಹೆಪ್ಪು ಕರಗಿಸುವುದೂ ಗೊತ್ತು. ಹಾಕಿದ ಅಂಟು ಬೇಗ ಕರಗಬಾರದು ಅಂತ ಕೆಲವು ಅಂಟುಗಳಿಗೆ ಅಪ್ರೊಟಿನಿನ್ ಅನ್ನುವ ವಸ್ತು ಸೇರಿಸುತ್ತಿದ್ದರು. ಅದನ್ನು ತೆಗೆಯುತ್ತಿದ್ದುದು ದನದ ಶ್ವಾಸಕೋಶದಿಂದ. ಈಗ ಕೃತಕವಾಗಿಯೂ ತಯಾರಾಗುತ್ತದೆ. ಹಿಂದೆ ಬಡಗಿಗಳು ಚರ್ಮ, ಮೂಳೆ ಕುದಿಸಿ ತೆಗೆದ ಮರವಜ್ರದಿಂದ ಬಾಗಿಲು ಜೋಡಿಸುತ್ತಿದ್ದರು. ನಾವು ತುಂಬ ದೂರವೇನೂ ಬಂದಿಲ್ಲ ಅನಿಸಿತು.

"ಫೆವಿಕ್ವಿಕ್ ಹಾಕಬಹುದಿತ್ತಲ್ಲ?" ಅಂತ ಅಪ್ಪ ಕೇಳಿದ್ದ. ತಮಾಷೆಗೆ ಕೇಳಿದ್ದು. ಆದರೆ ಪ್ರಶ್ನೆ ತಮಾಷೆಯದ್ದಲ್ಲ. ಆ ಜಾತಿಯ ಅಂಟಿಗೆ ಸಯನೋಅಕ್ರಿಲೇಟ್ ಅಂತ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಸಿಕ್ಕಿದ್ದು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತೆ ಅಂತ ಮೂಲೆಗೆ ಎಸೆದಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತ ನಿಲ್ಲಿಸಲು ಅದನ್ನೇ ಸ್ಪ್ರೇ ಮಾಡಿದರು. ಅದರ ದಾಯಾದಿಯೊಂದನ್ನು ಈಗಲೂ ಚರ್ಮದ ಗಾಯ ಮುಚ್ಚಲು ಹಚ್ಚುತ್ತಾರೆ. ಆದರೆ ಅದು ಒಣಗಿದರೆ ಗಾಜಿನ ಹಾಗೆ ಬಿರುಸು. ಬಗ್ಗುವುದಿಲ್ಲ, ಹಿಗ್ಗುವುದಿಲ್ಲ.

ಶ್ವಾಸಕೋಶಕ್ಕೆ ಹಿಗ್ಗುವುದೇ ಕೆಲಸ. ನಮ್ಮ ಹಿರಿಯರು ಮನುಷ್ಯನಿಗೆ ದಿನಕ್ಕೆ 21,600 ಉಸಿರು ಅಂತ ಲೆಕ್ಕ ಹಾಕಿದ್ದರು. ನಿಮಿಷಕ್ಕೆ 15ರಂತೆ ಗುಣಿಸಿ ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ. ಒಂದು ಬಲೂನಿಗೆ ಅಂಟಿನ ಪ್ಯಾಚ್ ಹಾಕಿ, ಒಣಗುವ ಮೊದಲೇ ದಿನಕ್ಕೆ 21,600 ಸಲ ಊದಿ ಇಳಿಸಿ ಅಂದರೆ ಯಾವ ಪ್ಯಾಚ್ ನಿಲ್ಲುತ್ತದೆ? ಮೇಲಿಂದ ಕೆಮ್ಮು. ಕೆಮ್ಮದೆ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ. ಹಾಗಾಗಿ "ತಾತ, ಕೆಮ್ಮಿ, ಇನ್ನೂ ಜೋರಾಗಿ" ಅಂತ ಸಿಸ್ಟರ್‌ಗಳು ಬೆಳಗಿಂದ ರಾತ್ರಿವರೆಗೆ ಹೇಳುತ್ತಲೇ ಇರುತ್ತಾರೆ.

ಅದರ ಜೊತೆಗೆ ಒದ್ದೆ. ಹಲಸಿನ ಹಣ್ಣು ಬಿಡಿಸುವಾಗ ಮೇಣ ಅಂಟಬಾರದು ಅಂತ ಕೈಗೆ ಎಣ್ಣೆ ಸವರಿಕೊಳ್ಳುತ್ತೇವೆ, ಅಲ್ವಾ? ಶ್ವಾಸಕೋಶದ ಹೊರಪೊರೆಗೂ ಎದೆಗೂಡಿನ ಒಳಪೊರೆಗೂ ನಡುವೆ ದೇಹವೇ ಅಂಥ ಎಣ್ಣೆ ಸವರಿ ಇಟ್ಟಿದೆ. ಎರಡು ಮೂರು ಚಮಚ ದ್ರವ. ಒಂದರ ಮೇಲೊಂದು ಜಾರಬೇಕು, ಅಂಟಬಾರದು ಎಂಬುದೇ ಅದರ ಉದ್ದೇಶ. ನಾವು ಹೋಗಿ ಅಲ್ಲೇ ಅಂಟು ಹಾಕುತ್ತೇವೆ.

ಎರಡನೇ ದಿನ ಒಂದು ಎಡವಟ್ಟಾಯಿತು. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಬಾಟಲಿ ಉರುಳೀತು ಅಂತ ಯಾರೋ ಪೈಪಿಗೆ ಕ್ಲ್ಯಾಂಪ್ ಹಾಕಿದರು. ವಾಪಸ್ ಬಂದ ಮೇಲೆ ತೆಗೆಯುವುದು ಮರೆತರು. ಅರ್ಧ ಗಂಟೆಯಲ್ಲಿ ಅಪ್ಪನ ಕುತ್ತಿಗೆ, ಕೆನ್ನೆ, ಕಣ್ಣಿನ ರೆಪ್ಪೆ ಊದಿಕೊಂಡವು. ಕೆನ್ನೆ ಮುಟ್ಟಿದರೆ ಚರ್ಮದ ಕೆಳಗೆ ಚರಚರ ಅನ್ನುತ್ತಿತ್ತು, ಸಂಡಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಒತ್ತಿದ ಹಾಗೆ. ದನಿ ಮೂಗಿನಲ್ಲಿ ಬರತೊಡಗಿತು. ಕ್ಲ್ಯಾಂಪ್ ಕಣ್ಣಿಗೆ ಬಿದ್ದಿದ್ದು ರಾತ್ರಿ ಪಾಳಿಯ ಸಿಸ್ಟರ್‌ಗೆ. ತೆಗೆದ ತಕ್ಷಣ ಬಾಟಲಿಯಲ್ಲಿ ಕುದಿಯುವ ನೀರಿನ ಹಾಗೆ ಗುಳ್ಳೆ ಎದ್ದವು.

ಗುಳ್ಳೆ ಬರುತ್ತಿರುವ ಪೈಪನ್ನು ಯಾವತ್ತೂ ಕಟ್ಟಬಾರದು. ಇದೊಂದನ್ನು ಮಾತ್ರ ನೆನಪಿಡಿ. ನಿಮ್ಮವರು ಯಾರಾದರೂ ಆ ಮಂಚದಲ್ಲಿ ಮಲಗಿದ್ದರೆ ಕೇಳಲು ಹಿಂಜರಿಯಬೇಡಿ. ತೂತಿನಿಂದ ಗಾಳಿ ಎದೆಗೆ ಬರುತ್ತಲೇ ಇರುತ್ತದೆ. ಹೊರಗೆ ಹೋಗುವ ದಾರಿ ಮುಚ್ಚಿದರೆ ಅದು ಶ್ವಾಸಕೋಶವನ್ನು ಅಮುಕುತ್ತದೆ, ಆಮೇಲೆ ಹೃದಯವನ್ನೂ. ಬಾಟಲಿಯ ನೀರು ಮಾಡುವ ಕೆಲಸ ವಾಲ್ವ್ ಟ್ಯೂಬಿನದ್ದು, ತಿರುಗುಮುರುಗಾಗಿ. ಗಾಳಿ ಹೊರಗೆ ಹೋಗಬಹುದು, ಒಳಗೆ ಬರಬಾರದು. ಬಾಟಲಿ ಯಾವಾಗಲೂ ಎದೆಗಿಂತ ಕೆಳಗೆ ಇರಬೇಕು, ಇಲ್ಲದಿದ್ದರೆ ನೀರು ಒಳಗೆ ಹೋಗುತ್ತದೆ.

ಇಷ್ಟು ಸರಳ ವಸ್ತುವಿಗೂ ಒಂದು ಕತೆ ಇದೆ. 1870ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಗಾಟ್‌ಹಾರ್ಡ್ ಬ್ಯುಲಾವ್ ಎಂಬ ವೈದ್ಯರು ಎದೆಯಲ್ಲಿ ತುಂಬಿದ ಕೀವು ತೆಗೆಯಲು ಹೀಗೆ ನೀರಿನಲ್ಲಿ ಅದ್ದಿದ ಪೈಪು ಬಳಸಿದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಎದೆ ಕೊಯ್ದು ತೆರೆದೇ ಬಿಡುವುದು ರೂಢಿಯಾಗಿತ್ತು. 1918ರ ಫ್ಲೂ ಕಾಲದಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ಎದೆಯಲ್ಲಿ ಕೀವಾದ ಸೈನಿಕರು ಸಾಲು ಸಾಲಾಗಿ ಸತ್ತರು. ತೆರೆದ ಗಾಯದಿಂದ ಹೊರಗಿನ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತಿತ್ತು. ಎವರ್ಟ್ಸ್ ಗ್ರಹಾಂ ಎಂಬ ಯುವ ಸರ್ಜನ್ ಇದ್ದ ತಂಡ ಅದನ್ನು ಕಂಡುಹಿಡಿದು, ಮೊದಮೊದಲಲ್ಲಿ ಎದೆ ತೆರೆಯಬೇಡಿ, ಗಾಳಿ ಹೋಗದ ಹಾಗೆ ಕೀವು ತೆಗೆಯಿರಿ ಅಂದಿತು. ಸಾವು ತುಂಬ ಇಳಿಯಿತು.

ಇದೇ ಗ್ರಹಾಂ 1933ರ ಏಪ್ರಿಲ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕ್ಯಾನ್ಸರ್ ಬಂದ ಒಬ್ಬರ ಇಡೀ ಶ್ವಾಸಕೋಶವನ್ನು ಒಂದೇ ಆಪರೇಷನ್ನಿನಲ್ಲಿ ತೆಗೆದು ರೋಗಿಯನ್ನು ಉಳಿಸಿಕೊಂಡರು. ಆ ರೋಗಿಯೂ ಒಬ್ಬ ಡಾಕ್ಟರು. ಗ್ರಹಾಂ ಸ್ವತಃ ಬಿಡದೆ ಸಿಗರೇಟು ಸೇದುತ್ತಿದ್ದವರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ಇದೆ ಎಂಬ ಮಾತನ್ನು ಮೊದಲು ನಂಬಿರಲಿಲ್ಲ. 1950ರಲ್ಲಿ ಅರ್ನ್ಸ್ಟ್ ವಿಂಡರ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ 684 ರೋಗಿಗಳ ಲೆಕ್ಕ ಇಟ್ಟು ಅದನ್ನು ತೋರಿಸಿದವರೂ ಅವರೇ. ಆಮೇಲೆ ಸಿಗರೇಟು ಬಿಟ್ಟರು. 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ಹೋದರು. ಅವರು ಉಳಿಸಿದ ಆ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದರು. ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಇದನ್ನು ಓದಿ ನಾನು ಅಪ್ಪನ ಬೀಡಿಗೆ ಕಪ್ಪಗಾದ ಬೆರಳುಗಳನ್ನು ನೋಡಿದೆ. ಅವನಿಗೆ ಹೇಳಲಿಲ್ಲ.

ದಿನಗಳು ಹೋದವು. ಮುಖದ ಊತ ಇಳಿಯಿತು. ಬೆಳಗ್ಗೆ ಮೂರು ಚೆಂಡಿನ ಆಟಿಕೆಯಂಥದ್ದರಲ್ಲಿ ಉಸಿರು ಎಳೆಯುವುದು, ಕಾರಿಡಾರಿನಲ್ಲಿ ಬಾಟಲಿ ಹಿಡಿದು ನಡೆಯುವುದು. ಬಾಟಲಿ ನನ್ನ ಕೈಯಲ್ಲಿ, ಅಪ್ಪ ಮುಂದೆ. ಆಕಳನ್ನು ಹಗ್ಗ ಹಿಡಿದು ಹೊರಡಿಸಿದ ಹಾಗೆ ಕಾಣುತ್ತಿತ್ತೋ ಏನೋ. ಬಾಟಲಿಯಿಂದ ಗಾಳಿ ಎಳೆಯುವ ಗೋಡೆಯ ಸಕ್ಷನ್ನನ್ನು ಮೂರನೇ ದಿನವೇ ಬಿಚ್ಚಿದ್ದರು. ಎಳೆದರೆ ಶ್ವಾಸಕೋಶ ಬೇಗ ಅಗಲುತ್ತದೆ ಅನ್ನುವ ಡಾಕ್ಟರುಗಳಿದ್ದಾರೆ. ಎಳೆದಷ್ಟೂ ತೂತಿನಿಂದ ಗಾಳಿ ಹರಿದು ತೂತು ತೆರೆದೇ ಉಳಿಯುತ್ತದೆ ಅನ್ನುವವರೂ ಇದ್ದಾರೆ. ನಮ್ಮ ಸರ್ಜನ್ ಎರಡನೇ ಗುಂಪಿನವರು.

ಐದು ದಿನ ದಾಟಿದರೆ ಅದಕ್ಕೆ ದೀರ್ಘ ಸೋರಿಕೆ ಅಂತ ಹೆಸರು. ಐದು ದಾಟಿತು. ಏಳನೇ ದಿನ ಬೆಳಗ್ಗೆ ರೌಂಡ್ಸಿಗೆ ಬಂದ ಸರ್ಜನ್ ಮೇಲೆ ನಾನು ಕೂಗಾಡಿದೆ. ಅಷ್ಟು ದುಡ್ಡು ಕೊಟ್ಟು ಅಂಟು ಹಾಕಿಸಿದ್ದೇವೆ, ಮತ್ಯಾಕೆ ಸೋರುತ್ತಿದೆ? ಕಡಿಮೆ ಹಾಕಿದ್ರಾ? ಸರಿಯಾದದ್ದು ಹಾಕಲಿಲ್ವಾ? ಜೂನಿಯರ್ ಡಾಕ್ಟರುಗಳು ನೆಲ ನೋಡುತ್ತಾ ನಿಂತರು.

ಅವರು ಸಿಟ್ಟಾಗಲಿಲ್ಲ. ರೌಂಡ್ಸ್ ಮುಗಿಸಿ ಬಂದು ಕುರ್ಚಿ ಎಳೆದು ಕೂತರು. ಮೊದಲು ಒಂದು ಲೆಕ್ಕ ಹೇಳಿದರು. ಶ್ವಾಸಕೋಶಕ್ಕೇ ಅಂತ ತಯಾರಾದ ಒಂದು ಅಂಟು ಇದೆ, ಪ್ರೋಜೆಲ್ ಅಂತ. ಮನುಷ್ಯರ ರಕ್ತದ ಆಲ್ಬುಮಿನ್ ಅನ್ನುವ ಪ್ರೋಟೀನಿಗೆ ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ರಾಸಾಯನಿಕ ಸೇರಿಸಿದ್ದು, ಒಣಗಿದರೂ ರಬ್ಬರಿನ ಹಾಗೆ ಹಿಗ್ಗುತ್ತದೆ. ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ಅದೂ ಹೊಲಿಗೆ ಮತ್ತು ಪಿನ್ನಿನ ಜೊತೆಗೆ ಬಳಸಲು, ಅವುಗಳ ಬದಲಿಗೆ ಅಲ್ಲ. 2004ರಲ್ಲಿ ಪ್ರಕಟವಾದ ಅದರ ಪರೀಕ್ಷೆಯಲ್ಲಿ 161 ರೋಗಿಗಳಿದ್ದರು. ಆಪರೇಷನ್ ನಂತರ ಒಮ್ಮೆಯೂ ಸೋರದೆ ಉಳಿದವರು ಅಂಟು ಹಾಕಿದವರಲ್ಲಿ 35%, ಹಾಕದವರಲ್ಲಿ 14%. "ಎರಡು ಪಟ್ಟಿಗಿಂತ ಜಾಸ್ತಿ ಅಂತ ಕಂಪನಿಯವರು ಹೇಳ್ತಾರೆ. ಅದು ನಿಜ. ಅಂಟು ಹಾಕಿದ ಮೇಲೂ ನೂರಕ್ಕೆ 65 ಜನ ಸೋರಿದ್ರು ಅಂತ ನಾನು ಹೇಳ್ತೀನಿ. ಅದೂ ನಿಜ."

ಆಮೇಲೆ ನಾನೇ ಹುಡುಕಿ ಓದಿದೆ. ಕಾಕ್ರೇನ್ ಎಂಬ ಸಂಸ್ಥೆ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ನಿನಲ್ಲಿ ಅಂಟು ಬಳಸಿದ 16 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದೆ. ಎಲ್ಲ ಸೇರಿ ಸುಮಾರು 1,600 ರೋಗಿಗಳು. ಬಹುಪಾಲು ಪರೀಕ್ಷೆಗಳಲ್ಲಿ ಸೋರಿಕೆ ಕಡಿಮೆಯಾಗಿತ್ತು. ಆದರೆ ಆಸ್ಪತ್ರೆಯಿಂದ ಬೇಗ ಮನೆಗೆ ಹೋಗಿದ್ದು ಕೆಲವೇ ಪರೀಕ್ಷೆಗಳಲ್ಲಿ. ಹಾಗಾಗಿ ಎಲ್ಲರಿಗೂ ಕಣ್ಣು ಮುಚ್ಚಿ ಹಚ್ಚಬೇಕು ಅಂತ ಅವರು ಹೇಳಲಿಲ್ಲ. ಆಪರೇಷನ್ ಹಿಂದಿನ ಸಂಜೆ ಆ ಫೈಲಿನ ಜೊತೆ ಈ ನಾಲ್ಕು ಸಾಲು ಇದ್ದಿದ್ದರೆ? ಆಗಲೂ ಸಹಿ ಹಾಕುತ್ತಿದ್ದೆ ಅನಿಸುತ್ತದೆ. ಆದರೆ ಏಳನೇ ದಿನ ಕೂಗಾಡುತ್ತಿರಲಿಲ್ಲ. ನನಗಿರುವ ದೂರು ಇಷ್ಟೇ. ಅಂಟನ್ನು ಮಾರುವ ಹೊತ್ತಲ್ಲಿ ಅದು ಗ್ಯಾರಂಟಿಯ ಹಾಗೆ ಕೇಳಿಸುತ್ತದೆ. ಸೋರಿದ ಮೇಲೆ ಅದು ಬರೀ ಪ್ರಯತ್ನ ಅಂತ ಗೊತ್ತಾಗುತ್ತದೆ.

"ಹಾಗಾದ್ರೆ ಇದು ಮುಚ್ಚೋದು ಹೇಗೆ?" ಅಂತ ಕೇಳಿದೆ.

ಮೇಲಿನ ಭಾಗ ತೆಗೆದ ಕಡೆ ಈಗ ಖಾಲಿ ಜಾಗ ಇದೆ ಅಂದರು. ಉಳಿದ ಎರಡು ಭಾಗ ಹಿಗ್ಗಿ ಮೇಲೆ ಬರಬೇಕು. ಕೆಳಗಿನಿಂದ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಸ್ವಲ್ಪ ಏರುತ್ತದೆ, ಹೃದಯವೂ ಒಂಚೂರು ಈ ಕಡೆ ಸರಿಯುತ್ತದೆ. ಎಲ್ಲ ಸೇರಿ ಆ ಜಾಗ ತುಂಬಿ, ತೂತಿರುವ ಕಡೆ ಶ್ವಾಸಕೋಶ ಎದೆಗೂಡಿನ ಗೋಡೆಗೆ ತಾಗಬೇಕು. ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಸಾಮಾನ್ಯ ದಿನಗಳಲ್ಲಿ ಅಂಟಬಾರದು ಅಂತ ಜಾರುವ ಪೊರೆಗಳೇ ಗಾಯವಾದಾಗ ಅಂಟುತ್ತವೆ. ಆಪರೇಷನ್ನಿನಲ್ಲಿ ಹಾಕಿದ ಅಂಟು ಎರಡು ವಾರದ ಹೊತ್ತಿಗೆ ಕರಗಿ ಹೋಗುತ್ತದೆ. ಅಷ್ಟರೊಳಗೆ ದೇಹ ತನ್ನ ಕೆಲಸ ಮಾಡಿರಬೇಕು.

ಅಪ್ಪ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಅಂದುಕೊಂಡಿದ್ದೆವು. "ಒಣಗೋಕೆ ಬಿಡಬೇಕು ಅಂತಾರೆ" ಅಂದ.

ಒಂಬತ್ತನೇ ದಿನಕ್ಕೂ ಗುಳ್ಳೆ ನಿಲ್ಲಲಿಲ್ಲ. ಕಡಿಮೆಯಾಗಿತ್ತು, ಕೆಮ್ಮಿದಾಗ ಮಾತ್ರ. ಮುಂದಿನ ದಾರಿಗಳನ್ನು ಹೇಳಿದರು. ಒಮ್ಮುಖ ವಾಲ್ವ್ ಇರುವ ಚೀಲ ಹಾಕಿಕೊಂಡು ಪೈಪಿನ ಸಮೇತ ಮನೆಗೆ ಹೋಗಬಹುದು. ಪೈಪಿನ ಮೂಲಕ ಟಾಲ್ಕ್ ಪುಡಿಯಂಥದ್ದನ್ನು ಒಳಗೆ ಬಿಟ್ಟು, ಪೊರೆಗೆ ಕೆರಳಿಕೆ ಮಾಡಿ ಅಂಟಿಸಬಹುದು. ಕೊಳವೆ ಇಳಿಸಿ ಉಸಿರುನಾಳದ ಒಳಗಿನಿಂದ ಪುಟ್ಟ ವಾಲ್ವ್ ಕೂರಿಸುವುದೂ ಇದೆ. ಅದಕ್ಕೆಲ್ಲ ಮುಂಚೆ ಇನ್ನೊಂದು ಸುಲಭದ್ದು ಮಾಡಿ ನೋಡೋಣ ಅಂದರು. ಅಪ್ಪನದ್ದೇ ರಕ್ತ.

ನಾನು ನಂಬಲಿಲ್ಲ. ಆದರೆ ಇದೂ ಹಳೆಯದೇ. 1987ರಲ್ಲಿ ಕೆನಡಾದ ರಾಬಿನ್ಸನ್ ಎಂಬವರು ಮತ್ತೆ ಮತ್ತೆ ಶ್ವಾಸಕೋಶ ಕುಸಿಯುವ ರೋಗಿಗಳಿಗೆ ಅವರದ್ದೇ ರಕ್ತವನ್ನು ಎದೆಗೆ ಬಿಟ್ಟು ನೋಡಿದ್ದರು. ಐದು ವರ್ಷದ ನಂತರ ಬೇರೆ ವೈದ್ಯರು ಶ್ವಾಸಕೋಶದ ಆಪರೇಷನ್ ಆದವರಿಗೂ ಮಾಡಿದರು. ರಕ್ತದಲ್ಲಿ ಫೈಬ್ರಿನೋಜನ್ ಇದ್ದೇ ಇದೆಯಲ್ಲ. ಹೊರಗೆ ತೆಗೆದ ರಕ್ತ ಹೆಪ್ಪುಗಟ್ಟುತ್ತದೆ, ಅಷ್ಟೇ ಬೇಕಾಗಿರುವುದು. ಸೋಂಕಿನ ಅಪಾಯ ಇದೆ, ಹಾಗಾಗಿ ಕೈ, ಪೈಪು, ಸಿರಿಂಜು ಎಲ್ಲ ಬಹಳ ಶುದ್ಧವಾಗಿರಬೇಕು.

ಮಧ್ಯಾಹ್ನ ಜೂನಿಯರ್ ಡಾಕ್ಟರಮ್ಮ ಬಂದರು, ನನಗಿಂತ ಚಿಕ್ಕವರು. ಅಪ್ಪನ ತೋಳಿನಿಂದ 50 ಮಿ.ಲೀ. ಸಿರಿಂಜಿನಲ್ಲಿ ರಕ್ತ ಎಳೆದರು. ಎಳೆದದ್ದೇ ತಡ, ಪೈಪಿಗೆ ಜೋಡಿಸಿ ಒಳಗೆ ತಳ್ಳಿದರು. ತಡಮಾಡಿದರೆ ಸಿರಿಂಜಿನಲ್ಲೇ ಹೆಪ್ಪುಗಟ್ಟುತ್ತದೆ. ಮತ್ತೆ 50. ಒಟ್ಟು 100. ಆಮೇಲೆ ಪೈಪಿಗೆ ಕ್ಲ್ಯಾಂಪ್ ಹಾಕಲಿಲ್ಲ. ಡ್ರಿಪ್ ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ಬಳಸಿ, ಬಾಟಲಿಯನ್ನು ಕೆಳಗೇ ಇಟ್ಟರು. ಗಾಳಿ ಏರಿ ಹೊರಗೆ ಹೋಗಬಹುದು, ರಕ್ತ ಏರಿ ಹೊರಗೆ ಬರಲಾರದು. ಅಪ್ಪ ಆ ಬಳಸಿದ ಪೈಪನ್ನು ಬಹಳ ಹೊತ್ತು ನೋಡಿದ. "ಐಡಿಯಾ ಚೆನ್ನಾಗಿದೆ" ಅಂದ. ಅವನು ಸುಮ್ಮಸುಮ್ಮನೆ ಯಾರನ್ನೂ ಹೊಗಳುವವನಲ್ಲ.

"ಇದಕ್ಕೆ ಎಷ್ಟಾಗುತ್ತಮ್ಮಾ ಬಿಲ್ಲು?"

"ಸಿರಿಂಜಿನ ದುಡ್ಡು ತಾತ."

"ನನ್ನ ರಕ್ತಕ್ಕೆ ದುಡ್ಡು ಹಾಕಲ್ವಾ?"

"ಅದು ನಿಮ್ಮದೇ ಅಲ್ವಾ?"

ಎರಡು ಗಂಟೆ ಕಾಲ ಅಪ್ಪನನ್ನು ಆ ಮಗ್ಗುಲಿಗೆ, ಈ ಮಗ್ಗುಲಿಗೆ, ಬೆನ್ನ ಮೇಲೆ ಹೊರಳಿಸುತ್ತಾ ಇದ್ದೆವು, ರಕ್ತ ಎಲ್ಲ ಕಡೆ ತಾಗಲಿ ಅಂತ. ದೋಸೆ ಹೆಂಚಿಗೆ ಎಣ್ಣೆ ಹರಡುವ ಹಾಗೆ ಅಂತ ಅಮ್ಮ ಅಂದಳು. ಅವತ್ತು ರಾತ್ರಿ ಗುಳ್ಳೆ ಬಂತು. ಮಾರನೇ ದಿನ ಬೆಳಗ್ಗೆ ಜೋರಾಗಿ ಕೆಮ್ಮಿದಾಗ ಒಂದೇ ಒಂದು. ಹನ್ನೊಂದನೇ ದಿನ ಇಲ್ಲ.

ಯಾವುದು ಮುಚ್ಚಿತು? ಮೊದಲು ಹಾಕಿದ ದುಬಾರಿ ಅಂಟು ದೊಡ್ಡ ತೂತುಗಳನ್ನು ಹಿಡಿದಿಟ್ಟಿತ್ತಾ? ಕೊನೆಗೆ ಹಾಕಿದ ರಕ್ತವಾ? ಇನ್ನೆರಡು ದಿನ ಸುಮ್ನೆ ಬಿಟ್ಟಿದ್ದರೆ ತಾನಾಗಿಯೇ ಮುಚ್ಚುತ್ತಿತ್ತಾ? ಸರ್ಜನ್ ಭುಜ ಕುಣಿಸಿ ನಕ್ಕರು. ಆ ನಗುವಿಗೆ ಅವರ ಮೇಲೆ ನನಗೆ ಗೌರವ ಬಂತು.

ಹನ್ನೆರಡಕ್ಕೆ ಎಕ್ಸ್‌ರೇ. ಶ್ವಾಸಕೋಶ ಮೇಲಿನವರೆಗೆ ಹಿಗ್ಗಿತ್ತು. ಹದಿಮೂರನೇ ದಿನ ಡಾಕ್ಟರಮ್ಮ ಪೈಪು ತೆಗೆಯಲು ಬಂದರು. ಗ್ಲೌಸ್ ಹಾಕಿಕೊಂಡು, ಹೊಲಿಗೆ ಬಿಚ್ಚಲು ಕತ್ತರಿ ಹಿಡಿದು, ಉಸಿರು ಬಿಗಿಹಿಡಿಯುವುದು ಹೇಗೆ ಅಂತ ಅಪ್ಪನಿಗೆ ಹೇಳಿಕೊಟ್ಟರು.

"ಸ್ವಲ್ಪ ತಡೀರಿ ತಾಯಿ" ಅಂದ ಅಪ್ಪ. ಮಂಚದ ಕಂಬಿ ಹಿಡಿದು ಎದ್ದು ಕೂತ. ಬಾಟಲಿಯನ್ನು ಬೆಳಕಿಗೆ ಸರಿಸು ಅಂತ ನನಗೆ ಸನ್ನೆ ಮಾಡಿದ. ಒಂದು ಸಲ ಕೆಮ್ಮಿದ. ಎಡಕ್ಕೆ ವಾಲಿ ಇನ್ನೊಂದು ಸಲ. ಬಲಕ್ಕೆ ವಾಲಿ ಮತ್ತೊಂದು. ಪೈಪಿನೊಳಗೆ ನೀರು ಏರಿತು, ಇಳಿಯಿತು. ಗುಳ್ಳೆ ಬರಲಿಲ್ಲ.

"ಹೂಂ. ಈಗ ತೆಗೀರಿ."